ಕಾಗದದ ಮೇಲೆ ತೆರೆದ ಬಾಗಿಲುಗಳು

ಪರವಾಡ ಎಂಬ ಊರಿನ ಹೆಸರು ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ಅಪರಿಚಿತ. ವಿಶಾಖಪಟ್ಟಣಕ್ಕೆ ಹತ್ತಿರದಲ್ಲಿ, ಈಗಿನ ಅನಕಾಪಲ್ಲಿ ಜಿಲ್ಲೆಯಲ್ಲಿರುವ ಈ ಪ್ರದೇಶದಲ್ಲಿ ಜವಾಹರಲಾಲ್ ನೆಹರೂ ಫಾರ್ಮಾ ಸಿಟಿಯ ಔಷಧ ಕಾರ್ಖಾನೆಗಳಿವೆ. 2000 ಮೆಗಾವಾಟ್ ಸಾಮರ್ಥ್ಯದ ಸಿಂಹಾದ್ರಿ ಉಷ್ಣವಿದ್ಯುತ್ ಸ್ಥಾವರವೂ ಇಲ್ಲಿಯೇ ಇದೆ. ರಸಾಯನಶಾಸ್ತ್ರ ಮತ್ತು ವಿದ್ಯುತ್ ಎಂಜಿನಿಯರಿಂಗ್ ಎಂಬ ಎರಡು ವಿದ್ಯೆಗಳು ಇಲ್ಲಿನ ಸಾವಿರಾರು ಮನೆಗಳಿಗೆ ಅನ್ನ ಕೊಡುತ್ತಿವೆ. ಈ ಎರಡು ವಿದ್ಯೆಗಳೊಳಗೆ ನಮ್ಮ ದೇಶದ ಹೆಣ್ಣುಮಕ್ಕಳು ಕಾಲಿರಿಸಿದ ಕಥೆಯ ಮುಖ್ಯ ಅಧ್ಯಾಯಗಳು ನಡೆದದ್ದು ಬೆಂಗಳೂರು ಮತ್ತು ಮದರಾಸುಗಳಲ್ಲಿ.

ಹೆಣ್ಣುಮಕ್ಕಳನ್ನು ವಿಜ್ಞಾನಕ್ಕೆ, ತಂತ್ರವಿದ್ಯೆಗೆ, ಉದ್ಯಮಕ್ಕೆ ಪ್ರೋತ್ಸಾಹಿಸಬೇಕೆಂಬ ಮಾತು ಇಂದು ಎಲ್ಲ ವೇದಿಕೆಗಳ ಮೇಲೂ ಕೇಳಿಬರುತ್ತದೆ. ಇತಿಹಾಸ ಹೇಳುವ ಸಂಗತಿ ತುಸು ಬೇರೆ. ಮೊದಲ ತಲೆಮಾರಿನ ಆ ಹೆಣ್ಣುಮಕ್ಕಳಿಗೆ ಬುದ್ಧಿಯ ಕೊರತೆಯಿರಲಿಲ್ಲ. ಹಲವರಿಗೆ ಮನೆಯವರ ಬೆಂಬಲದ ಕೊರತೆಯೂ ಇರಲಿಲ್ಲ. ಇಲ್ಲದಿದ್ದದ್ದು ಅಧಿಕಾರ ಉಳ್ಳವರ ಒಂದು ರುಜು.

ಕಮಲಾ ಭಾಗವತ್ ಅವರ ಪ್ರಸಂಗವನ್ನೇ ನೋಡೋಣ. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಇವರು 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ತಂದೆ ಮತ್ತು ತಂದೆಯ ಸೋದರ ಇಬ್ಬರೂ ರಸಾಯನಶಾಸ್ತ್ರಜ್ಞರು, ಅದೇ ಸಂಸ್ಥೆಯಲ್ಲಿ ಕಲಿತವರು. ಮನೆಯ ಪ್ರೋತ್ಸಾಹಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ಆದರೂ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರು ಹೆಣ್ಣೆಂಬ ಒಂದೇ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಕಮಲಾ ಪಟ್ಟು ಬಿಡದೆ ಕಾರಣ ಕೇಳಿದಾಗ ಷರತ್ತುಗಳೊಡನೆ ಬಾಗಿಲು ತೆರೆಯಿತು. ಮೊದಲ ವರ್ಷ ಪರೀಕ್ಷಾರ್ಥ ಪ್ರವೇಶ ಮಾತ್ರ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು. ಪುರುಷ ಸಂಶೋಧಕರ ಏಕಾಗ್ರತೆ ಕೆಡಿಸಬಾರದು. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಅವರು ನಡೆಸಿದ ಕೆಲಸ ಆ ಶಂಕೆಗಳಿಗೆಲ್ಲ ಉತ್ತರವಾಯಿತು. ಅನಂತರ ಬೇರೆ ಹೆಣ್ಣುಮಕ್ಕಳಿಗೂ ಸಂಸ್ಥೆಯಲ್ಲಿ ಸ್ಥಾನ ದೊರೆಯತೊಡಗಿತು. 1939ರಲ್ಲಿ ಕಮಲಾ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು. ಈ ಪ್ರಸಂಗ ವಿಜ್ಞಾನಿ ರಾಮನ್ ಅವರ ಹಿರಿಮೆಯನ್ನು ಕುಗ್ಗಿಸದು. ಅಂಥ ಧೀಮಂತರಿಗೂ ಕಾಲದ ರೂಢಿ ಎಷ್ಟು ಸಹಜವಾಗಿ ಕಂಡಿತ್ತೆಂಬುದನ್ನು ಮಾತ್ರ ಅದು ತಿಳಿಸುತ್ತದೆ.

ಮದರಾಸಿನ ಕಥೆ ತೆಲುಗು ಮನೆತನದ ಎ. ಲಲಿತಾ ಅವರದು. ಹದಿನೆಂಟರ ಹರೆಯದಲ್ಲಿ ವಿಧವೆಯಾದಾಗ ಅವರ ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಮಗುವಿತ್ತು. ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ತಂದೆ ಪಪ್ಪು ಸುಬ್ಬರಾವ್ ಅವರು ಮಗಳನ್ನು ಅಲ್ಲಿಯೇ ಓದಿಸಲು ಬಯಸಿದರು. ಅವರ ಬಯಕೆಯೊಂದೇ ಸಾಲದಾಯಿತು. ಪ್ರಾಂಶುಪಾಲ ಕೆ. ಸಿ. ಚಾಕೊ ಮತ್ತು ಸಾರ್ವಜನಿಕ ಶಿಕ್ಷಣ ನಿರ್ದೇಶಕ ಆರ್. ಎಂ. ಸ್ಟಾತಮ್ ಅವರ ಒಪ್ಪಿಗೆ ಬೇಕಾಯಿತು, ಅದು ದೊರೆಯಿತು. 1940ರಲ್ಲಿ ಲಲಿತಾ ವಿದ್ಯುತ್ ವಿಭಾಗ ಸೇರಿದರು. ಅವರ ಹಿಂದೆಯೇ ಪಿ. ಕೆ. ತ್ರೇಸಿಯಾ ಮತ್ತು ಲೀಲಮ್ಮ ಜಾರ್ಜ್ ಸಿವಿಲ್ ವಿಭಾಗಕ್ಕೆ ಬಂದರು. ಮುಂದೆ ಪದವಿಪತ್ರ ಬರೆಯುವಾಗ, ಅಚ್ಚಾಗಿದ್ದ ಪುಲ್ಲಿಂಗ ಸರ್ವನಾಮವನ್ನು ಹೊಡೆದುಹಾಕಿ ಸ್ತ್ರೀಲಿಂಗದ ಪದವನ್ನು ಕೈಯಿಂದ ಬರೆಯಬೇಕಾಯಿತು. ಹೆಣ್ಣೊಬ್ಬಳು ಈ ಪದವಿ ಪಡೆದಾಳೆಂದು ಮುದ್ರಣಾಲಯದವರೂ ಎಣಿಸಿರಲಿಲ್ಲ! ಲಲಿತಾ ಮುಂದೆ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಕಾರ್ಯಗಳಲ್ಲಿ ದುಡಿದರು.

ಬಾಗಿಲು ತೆರೆಯುವ ಕಾಗದಕ್ಕೆ ಅದನ್ನು ಮುಚ್ಚುವ ಶಕ್ತಿಯೂ ಉಂಟು. ಬೆಂಗಳೂರಿನಲ್ಲಿ ರಾಮನ್ ಅವರ ಬಳಿಯೇ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ನಡೆಸಿದ ಅಣ್ಣಾ ಮಣಿ 1945ರಲ್ಲಿ ಪ್ರೌಢಪ್ರಬಂಧ ಸಲ್ಲಿಸಿದರು. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣ ನೀಡಿ ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ನಿರಾಕರಿಸಿತು. ಅವರು ಎದೆಗುಂದದೆ ಹವಾಮಾನ ಇಲಾಖೆ ಸೇರಿ ಅದರ ಉಪ ಮಹಾನಿರ್ದೇಶಕ ಪದವಿಗೇರಿದರು. ಅದೇ ಕಾಲದ ರಾಜೇಶ್ವರಿ ಚಟರ್ಜಿ ಅವರಿಗೆ ಸರ್ಕಾರದ ವಿದ್ಯಾರ್ಥಿವೇತನವೊಂದು ದಾರಿ ತೋರಿತು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ್ದ ಅವರು ಅಮೆರಿಕದ ಮಿಷಿಗನ್‌ಗೆ ಹೋಗಿ, 1953ರಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿಗೆ ಮರಳಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು.

ಪ್ರವೇಶ ಸಿಕ್ಕ ಮೇಲೂ ನೌಕರಿ ಮತ್ತು ಉದ್ಯಮದ ಬಾಗಿಲುಗಳು ಉಳಿದಿದ್ದವು. 1974ರಲ್ಲಿ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿನಿ ಸುಧಾ ಕುಲಕರ್ಣಿ, ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಜಾಹೀರಾತನ್ನು ಕಂಡು ಜೆ. ಆರ್. ಡಿ. ಟಾಟಾ ಅವರಿಗೆ ಅಂಚೆಕಾರ್ಡು ಬರೆದರು. ಸಂದರ್ಶನದ ಕರೆ ಬಂದಿತು, ನೌಕರಿಯೂ ದೊರೆಯಿತು. ಮದ್ಯ ತಯಾರಿಕೆಯ ವಿದ್ಯೆಯನ್ನು ಆಸ್ಟ್ರೇಲಿಯಾದಲ್ಲಿ ಕಲಿತು ಬಂದ ಬೆಂಗಳೂರಿನ ಕಿರಣ್ ಮಜುಂದಾರ್ ಅವರಿಗೆ ಆ ಉದ್ಯಮದಲ್ಲಿ ಯಾರೂ ಹುದ್ದೆ ಕೊಡಲಿಲ್ಲ. 1978ರಲ್ಲಿ ಅವರು ಬಾಡಿಗೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದೊಡನೆ ಬಯೋಕಾನ್ ಆರಂಭಿಸಿದರು. ವಯಸ್ಸು 25, ಉದ್ಯಮ ಹೊಸದು, ಜೊತೆಗೆ ಹೆಣ್ಣು. ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಕೊನೆಗೆ ಒಬ್ಬ ಬ್ಯಾಂಕ್ ಅಧಿಕಾರಿ ನಂಬಿ ರುಜು ಹಾಕಿದರು. ಪರಂಗಿಯ ಹಾಲಿನಿಂದ ಕಿಣ್ವ ತೆಗೆಯುವುದರಿಂದ ಮೊದಲಾದ ಆ ಸಂಸ್ಥೆಯ ಔಷಧ ಘಟಕವೊಂದು ಇಂದು ವಿಶಾಖಪಟ್ಟಣದಲ್ಲೂ ಇದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 1933ರಲ್ಲಿ ಪ್ರಯೋಗಾಲಯ ಸೇರಿದ ಹೆಣ್ಣುಮಗಳಿಗೆ ರಾತ್ರಿಯ ದುಡಿಮೆ ಷರತ್ತಾಯಿತು. 1948ರ ಕಾರ್ಖಾನೆಗಳ ಕಾಯಿದೆಯ 66ನೆಯ ಕಲಮು, ಸಂಜೆ ಏಳರಿಂದ ಬೆಳಗಿನ ಆರರವರೆಗೆ ಕಾರ್ಖಾನೆಯಲ್ಲಿ ಹೆಣ್ಣು ದುಡಿಯಕೂಡದೆಂದಿತು. ಒಂದೆಡೆ ಅಪ್ಪಣೆ, ಇನ್ನೊಂದೆಡೆ ನಿಷೇಧ. ಎರಡೂ ಕಡೆ ಅವಳನ್ನು ಕೇಳಿದವರಿಲ್ಲ. ಆ ಕಲಮಿನ ಹಿಂದೆ ರಕ್ಷಣೆಯ ಕಾಳಜಿ ಇದ್ದದ್ದು ನಿಜ. ಆದರೆ ಹಗಲಿರುಳು ನಡೆಯುವ ಔಷಧ ಕಾರ್ಖಾನೆಯಲ್ಲಿ ರಾತ್ರಿ ಪಾಳಿಗೆ ಬಾರದವರನ್ನು ಹಗಲಿಗೂ ನೇಮಿಸಿಕೊಳ್ಳಲು ಮಾಲೀಕರು ಹಿಂದೆಮುಂದೆ ನೋಡುವುದು ಸಹಜ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕ, ಆಂಧ್ರ ಮೊದಲಾದ ರಾಜ್ಯಗಳು ಒಪ್ಪಿಗೆ ಮತ್ತು ಸುರಕ್ಷತೆಯ ಷರತ್ತುಗಳೊಡನೆ ಈ ನಿರ್ಬಂಧವನ್ನು ಸಡಿಲಿಸಿವೆ. ‘ಅವಳ ಒಪ್ಪಿಗೆ’ ಎಂಬ ಎರಡು ಪದಗಳು ಕಾಯಿದೆಯೊಳಗೆ ಬರಲು ಏಳು ದಶಕಗಳು ಬೇಕಾದವು. ಆ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಬೇಕಾದರೆ ಮನೆಬಾಗಿಲವರೆಗಿನ ವಾಹನ, ಬೆಳಕಿರುವ ರಸ್ತೆ, ಮಗುವನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರಗಳೂ ಇರಬೇಕು.

ಉದ್ಯಮದಲ್ಲೂ ಇಂಥ ಬದಲಾವಣೆ ಕಾಣುತ್ತದೆ. 2016ರಲ್ಲಿ ಆರಂಭವಾದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆ, ಪ್ರತಿ ಬ್ಯಾಂಕ್ ಶಾಖೆಯೂ ಕನಿಷ್ಠ ಒಬ್ಬ ಮಹಿಳೆಯ ಹೊಸ ಉದ್ಯಮಕ್ಕೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಸಾಲ ನೀಡಬೇಕೆಂಬ ಗುರಿ ಇಟ್ಟಿತು. ಕಿರಣ್ ಅವರಿಗೆ ಅದೃಷ್ಟದಿಂದ ದೊರೆತ ಒಂದು ರುಜುವನ್ನು ನಿಯಮವಾಗಿಸುವ ಯತ್ನವಿದು.

ಕಡತಗಳ ನಡುವೆ ಬದುಕುವ ಸರ್ಕಾರಿ ನೌಕರರಾದ ನಮಗೆ ಈ ಚರಿತ್ರೆಯಿಂದ ಕಲಿಯುವುದು ಬಹಳವಿದೆ. ಕಮಲಾ ಅವರ ಛಲವನ್ನು ನಾವು ಹೊಗಳುತ್ತೇವೆ; ಹೊಗಳಬೇಕಾದದ್ದೇ. ಆದರೆ ಅಂಥ ಛಲವಿಲ್ಲದೆ, ಮೊದಲ ನಿರಾಕರಣೆಗೇ ಮನೆಗೆ ಮರಳಿದ ಹುಡುಗಿಯರ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಸಾಧಾರಣ ಧೈರ್ಯದ ಹುಡುಗಿಯೂ ಎಂಜಿನಿಯರ್ ಆಗುವಂತಿರುವುದೇ ನ್ಯಾಯವಾದ ವ್ಯವಸ್ಥೆ. ಪರವಾಡದ ಕಾರ್ಖಾನೆಯಲ್ಲಾಗಲಿ, ಪೀಣ್ಯದ ಸಣ್ಣ ಉದ್ದಿಮೆಯಲ್ಲಾಗಲಿ ಪ್ರೋತ್ಸಾಹವನ್ನು ಅಳೆಯಬೇಕಾದದ್ದು ಭಾಷಣಗಳಿಂದಲ್ಲ. ಹಾಸ್ಟೆಲಿನ ಕೊಠಡಿಗಳಿಂದ, ಮಂಜೂರಾದ ಸಾಲಗಳಿಂದ, ವಿಳಂಬವಿಲ್ಲದೆ ಬಿದ್ದ ರುಜುಗಳಿಂದ. ಆ ರುಜು ಹಾಕುವ ಮೇಜುಗಳಲ್ಲಿ ಹಲವು ನಮ್ಮವೇ.