ಚೆಸಾಪೀಕ್ ಜಲಾನಯನ ಶಿಕ್ಷಣ

ಅಮೆರಿಕದ ಪೂರ್ವ ಕರಾವಳಿಯ ಚೆಸಾಪೀಕ್ ಕೊಲ್ಲಿಗೆ ನೀರು ಹರಿದುಬರುವ ಸೀಮೆಯ ಶಾಲಾಮಕ್ಕಳಿಗೆ ಹಳ್ಳದ ದಡದಲ್ಲೇ ವಿಜ್ಞಾನ ಕಲಿಸುವ ಕ್ರಮ. ಈ ಜಲಾನಯನ ಪ್ರದೇಶದ ವಿಸ್ತಾರ ಸುಮಾರು 1,66,000 ಚದರ ಕಿ.ಮೀ.; ಆರು ರಾಜ್ಯಗಳ ಭಾಗಗಳೂ ರಾಜಧಾನಿ ವಾಷಿಂಗ್ಟನ್ ನಗರವೂ ಇದರೊಳಗಿವೆ. ದೂರದ ಹೊಲಕ್ಕೆ ಹಾಕಿದ ಗೊಬ್ಬರ ಮಳೆಗೆ ಕೊಚ್ಚಿಬಂದು ಕೊಲ್ಲಿಯಲ್ಲಿ ಪಾಚಿ ಬೆಳೆಸುತ್ತದೆ. ಪಾಚಿ ಕೊಳೆತಾಗ ನೀರಿನ ಆಮ್ಲಜನಕ ಕುಗ್ಗಿ ಮೀನು, ಏಡಿಗಳು ಸಾಯುತ್ತವೆ. ನಕಾಶೆಯಲ್ಲಷ್ಟೇ ತೋರಿಸಿದರೆ ಮಕ್ಕಳಿಗೆ ಈ ನಂಟು ಮನಸ್ಸಿಗಿಳಿಯುವುದು ಕಷ್ಟ; ಅದಕ್ಕೇ ಹಳ್ಳದ ದಡದ ಪಾಠ.

ಪ್ರತಿ ವಿದ್ಯಾರ್ಥಿಗೂ ಇಂಥ ಹೊರಾಂಗಣ ಅನುಭವ ಸಿಗಬೇಕೆಂಬ ಗುರಿ ಕೊಲ್ಲಿಯನ್ನು ಕಾಪಾಡಲು ಮಾಡಿಕೊಂಡ 2000ದ ಚೆಸಾಪೀಕ್ ಒಪ್ಪಂದದಲ್ಲಿ ಸೇರಿತು. 2014ರ ಒಪ್ಪಂದ ಅದನ್ನು ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಹಂತಗಳಲ್ಲಿ ತಲಾ ಒಮ್ಮೆಯಾದರೂ ಎಂದು ವಿಸ್ತರಿಸಿತು.

ಮಾಧ್ಯಮಿಕ ಹಂತದ ಮಕ್ಕಳಿಗೆ ಹಿಡಿಸುವ ಒಂದು ಚಟುವಟಿಕೆ ಹಳ್ಳದ ತಳದ ಹುಳುಗಳ ಎಣಿಕೆ. ಮೊಣಕಾಲುದ್ದದ ಬೂಟು ತೊಟ್ಟ ಒಬ್ಬರು ಹರಿವಿಗೆ ಅಡ್ಡವಾಗಿ ಬಲೆ ಹಿಡಿದರೆ, ಇನ್ನೊಬ್ಬರು ಮೇಲ್ಗಡೆ ನಿಂತು ಕಲ್ಲುಗಳನ್ನು ಕಾಲಿನಿಂದ ಕದಡುತ್ತಾರೆ. ಬಲೆಗೆ ಬಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದಾಗ ಕಸವೆಂದು ಕಂಡದ್ದು ಮೆಲ್ಲಗೆ ಹರಿದಾಡತೊಡಗುತ್ತದೆ. ಸ್ಟೋನ್‌ಫ್ಲೈ ಕೀಟದ ಮರಿಗಳಿಗೆ ಎರಡು ಬಾಲ, ಮೇಫ್ಲೈ ಕೀಟದ ಮರಿಗಳಿಗೆ ಸಾಮಾನ್ಯವಾಗಿ ಮೂರು. ಇವು ಕೊಳಕು ನೀರನ್ನು ತಾಳವು. ಹೇರಳವಾಗಿ ಸಿಕ್ಕರೆ ಹಳ್ಳ ಆರೋಗ್ಯವಾಗಿದೆ ಎಂದರ್ಥ. ಒಂದು ಗಳಿಗೆಯ ನೀರಿನ ಪರೀಕ್ಷೆ ಆ ಗಳಿಗೆಯ ಮಾತನ್ನಷ್ಟೇ ಹೇಳುತ್ತದೆ, ಈ ಮರಿಗಳು ತಿಂಗಳುಗಳ ಕಥೆ ಹೇಳುತ್ತವೆ. ಎಣಿಸಿದ ಮೇಲೆ ಅವನ್ನು ಮತ್ತೆ ಹಳ್ಳಕ್ಕೇ ಬಿಡುತ್ತಾರೆ.