ಇಕ್ಕಟ್ಟಾದ ಹೊಳೆಯ ಚಬ್ ಮೀನಿಗೆ ಎಂಥ ಗಾಳದ ಕೋಲು?

ಇಂಗ್ಲೆಂಡಿನ ಚೆರ್ವೆಲ್, ವಿಂಡ್ರಶ್‌ನಂಥ ಸಣ್ಣ ನದಿಗಳಲ್ಲಿ ಗಾಳ ಹಾಕುವವರಿಗೆ ಚಬ್ ಅಚ್ಚುಮೆಚ್ಚಿನ ಮೀನು. ಸಾಮಾನ್ಯವಾಗಿ ಒಂದರಿಂದ ಎರಡು ಕಿಲೋ ತೂಗುವ, ಅಗಲ ಬಾಯಿಯ ಈ ಮೀನು ಕಡು ಚಳಿಗಾಲದಲ್ಲೂ ಎರೆಗೆ ಬಾಯಿ ಹಾಕುತ್ತದೆ. ಬ್ರೆಡ್, ಚೀಸ್ ಮುದ್ದೆ, ಎರೆಹುಳು ಯಾವುದೂ ಅದಕ್ಕೆ ವರ್ಜ್ಯವಲ್ಲ. ನಮ್ಮ ಕಾವೇರಿಯ ಮಹಶೀರ್‌ನಂತೆಯೇ ಇದಕ್ಕೂ ದವಡೆಯಲ್ಲಿ ಹಲ್ಲುಗಳಿಲ್ಲ. ಗಂಟಲಿನಲ್ಲಿರುವ ಹಲ್ಲುಗಳೇ ತಿನಿಸನ್ನು ಅರೆಯುತ್ತವೆ. 1653ರಲ್ಲಿ ಪ್ರಕಟವಾದ 'ದಿ ಕಂಪ್ಲೀಟ್ ಆಂಗ್ಲರ್' ಕೃತಿಯಲ್ಲಿ ಐಜಾಕ್ ವಾಲ್ಟನ್ ಇದನ್ನು ಮಹಾ ಅಂಜುಬುರುಕ ಮೀನೆಂದು ವರ್ಣಿಸಿದ್ದಾನೆ.

ಆ ಅಂಜಿಕೆಯೇ ಗಾಳಗಾರನ ತಲೆನೋವಿಗೂ ಮೂಲ. ನೀರಿಗೆ ಬಾಗಿದ ವಿಲ್ಲೋ ಕೊಂಬೆಗಳಿಗೆ ಕಸಕಡ್ಡಿ ಸಿಲುಕಿ ಉಂಟಾದ ತೇಲುಚಪ್ಪರದ ಅಡಿ, ದಂಡೆಯ ಮರಗಳ ಬೇರುಗಳ ನಡುವೆ ಚಬ್ ವಾಸಿಸುತ್ತದೆ. ಗಾಳ ಚುಚ್ಚಿದ ಮರುಕ್ಷಣವೇ ಅತ್ತ ನುಗ್ಗುತ್ತದೆ. ಆ ಮೊದಲ ನುಗ್ಗನ್ನು ತಡೆಯದಿದ್ದರೆ ದಾರ ಬೇರಿಗೆ ಸುತ್ತಿ ತುಂಡಾಗುವುದು ಬಹುತೇಕ ಖಚಿತ. ನಷ್ಟ ಗಾಳಗಾರನಿಗಷ್ಟೇ ಅಲ್ಲ. ಬಾಯಲ್ಲಿ ಗಾಳ, ಹಿಂದೆ ಗಜಗಟ್ಟಲೆ ದಾರ ಹೊತ್ತ ಮೀನು ಬೇರುಗಳಲ್ಲಿ ಸಿಲುಕಿ ಸಾಯಬಹುದು. ಹಿಡಿದ ಚಬ್ಬನ್ನು ಮರಳಿ ನೀರಿಗೆ ಬಿಡುವುದೇ ಈಗ ಅಲ್ಲಿನ ವಾಡಿಕೆಯಾಗಿರುವುದರಿಂದ, ಇಂಥ ಸಾವು ಕೋಲಿನ ತಪ್ಪು ಆಯ್ಕೆಗೆ ತೆರುವ ಬೆಲೆ ಎನ್ನಲೇಬೇಕು.

ಬೆಂಡು ಕಟ್ಟಿ, ಹರಿವಿನೊಡನೆ ಎರೆಯನ್ನು ತೇಲಿಬಿಡುವ ವಿಧಾನಕ್ಕೆ ಅಂಗಡಿಗಳು ಸಾಮಾನ್ಯವಾಗಿ ತೋರಿಸುವುದು 13 ಅಡಿಯ, ಸಪೂರ ತುದಿಯ ಕೋಲನ್ನು. ವಿಶಾಲ ನದಿಯಲ್ಲಿ ಅದು ಸೊಗಸಾದ ಸಾಧನವೇ ಸರಿ. ಉದ್ದ ಹೆಚ್ಚಿದಷ್ಟೂ ದಾರವನ್ನು ನೀರಿನಿಂದ ಮೇಲೆತ್ತಿ ಹಿಡಿಯಬಹುದು. ಬೆಂಡು ಅಡ್ಡಾದಿಡ್ಡಿ ಹೋಗದು. ಆದರೆ ಐದಾರು ಗಜ ಅಗಲದ, ಮೇಲೆಲ್ಲ ಕೊಂಬೆ ಕವಿದ ಹೊಳೆಯಲ್ಲಿ ಅದನ್ನು ಎತ್ತಲೂ ಎಡೆಯಿರದು. ಇಲ್ಲಿ 11 ಅಡಿಯ ಕೋಲು ಸಾಕು. ತೀರಾ ಇಕ್ಕಟ್ಟಿದ್ದರೆ 10 ಅಡಿಯೂ ಆದೀತು.

ಉದ್ದಕ್ಕಿಂತಲೂ ಮುಖ್ಯವಾದುದು ಬಾಗು. ತುದಿಯಲ್ಲಷ್ಟೇ ಬಾಗುವ ಕೋಲು ಸಣ್ಣ ಮೀನಿಗೆ ಚುರುಕು. ದೊಡ್ಡ ಚಬ್ ನುಗ್ಗಿದಾಗ ಅದರ ಮೆದು ತುದಿ ಸೋತು, ಭಾರವೆಲ್ಲ ದಾರದ ಮೇಲೆ ಬೀಳುತ್ತದೆ. ಹಿಡಿಯವರೆಗೂ ಹಂತಹಂತವಾಗಿ ಬಾಗುವ ಕೋಲಾದರೋ ಎಳೆತವನ್ನು ತಾನೇ ನುಂಗಿಕೊಂಡು, ದಾರ ಕೊಡದೆಯೇ ಮೀನನ್ನು ತಡೆಯುತ್ತದೆ. 'ಏವನ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಕೋಲುಗಳು ಈ ಬಗೆಯವು.

ಕೋಲಿನ ಬಲವನ್ನು 'ಟೆಸ್ಟ್ ಕರ್ವ್' ಎಂಬ ಅಳತೆಯಿಂದ ಹೇಳುತ್ತಾರೆ. ಕೋಲಿನ ತುದಿ ಹಿಡಿಗೆ ಲಂಬಕೋನದಲ್ಲಿ ಬಾಗಲು ಎಷ್ಟು ತೂಕದ ಎಳೆತ ಬೇಕೋ ಅದೇ ಟೆಸ್ಟ್ ಕರ್ವ್. ಅದನ್ನು ಐದರಿಂದ ಗುಣಿಸಿದರೆ ಸರಿಹೊಂದುವ ದಾರದ ಬಲ ದೊರೆಯುತ್ತದೆಂಬುದು ರಿಚರ್ಡ್ ವಾಕರ್ ಅವರ ಹೆಸರಿನೊಡನೆ ಬೆಸೆದ ಸೂತ್ರ. 1952ರಲ್ಲಿ 44 ಪೌಂಡ್ ತೂಕದ ಕಾರ್ಪ್ ಹಿಡಿದು ಬ್ರಿಟನ್ನಿನ ದಾಖಲೆ ಬರೆದ ವಾಕರ್ ವೃತ್ತಿಯಿಂದ ಎಂಜಿನಿಯರ್. ಈ ಲೆಕ್ಕದಂತೆ ಒಂದೂಕಾಲು ಪೌಂಡಿನ ಕೋಲಿಗೆ ಸುಮಾರು 6 ಪೌಂಡ್ ತಾಳುವ ದಾರ ತಕ್ಕದ್ದು. ಬೇರುಗಳ ನಡುವೆ ಇದಕ್ಕಿಂತ ತೆಳು ದಾರ ಬಳಸುವುದು ಜಾಣತನವಲ್ಲ.

ಅಂಗಡಿಯಲ್ಲಿ ಕೋಲನ್ನು ಗಾಳಿಯಲ್ಲಿ ಬೀಸಿ ನೋಡುವವರೇ ಹೆಚ್ಚು. ಅದರಿಂದ ತಿಳಿಯುವುದು ಅಷ್ಟಕ್ಕಷ್ಟೆ. ರೀಲು ಹೂಡಿ, ಉಂಗುರಗಳ ಮೂಲಕ ದಾರ ಹಾಯಿಸಿ, ಜೊತೆಗಾರರಿಂದ ಎಳೆಸಿ ಬಾಗು ಎಲ್ಲಿಯವರೆಗೆ ಇಳಿಯುತ್ತದೆಂದು ನೋಡಬೇಕು. ದಿನವಿಡೀ ಕೈಯಲ್ಲೇ ಹಿಡಿಯಬೇಕಾದ್ದರಿಂದ ತುದಿಭಾರವೆನಿಸುವ ಕೋಲು ಬೇಡ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರು ಕೋಲಿನೊಡನೆ ಕೆಲವು ನಿಯಮಗಳನ್ನೂ ಅರಿತಿರಬೇಕು. 13 ವರ್ಷ ತುಂಬಿದವರಿಗೆ ಪರವಾನಗಿ ಕಡ್ಡಾಯ. ದಂಡೆಯ ಮಾಲೀಕರ ಅಥವಾ ಸ್ಥಳೀಯ ಕ್ಲಬ್ಬಿನ ಅನುಮತಿ ಬೇರೆಯೇ ಬೇಕು. ಹಂಸಗಳು ನುಂಗಿ ಸಾಯುತ್ತಿದ್ದ ಕಾರಣ, ಅತಿ ಸಣ್ಣ ಕಾಳುಗಳನ್ನು ಬಿಟ್ಟು 28 ಗ್ರಾಂವರೆಗಿನ ಸೀಸದ ಗುಂಡುಗಳಿಗೆ 1987ರಿಂದ ನಿಷೇಧವಿದೆ. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಚಬ್‌ಗೆ ಗಾಳ ಹಾಕುವಂತಿಲ್ಲ.