ಕಾರಣದ ಕಾಲಂ

ಕಳೆದ ಮಳೆಗಾಲದ ಒಂದು ರಾತ್ರಿ ಮಗನ ರೈನ್‌ಕೋಟನ್ನು ಒಲೆಯ ಬಳಿ ಒಣಹಾಕುವಾಗ ಜೇಬಿನಲ್ಲಿ ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು. ಒಣಗಿದ ಸೊಪ್ಪು, ನಾಲ್ಕು ಬೀಜ, ಸುತ್ತುವ ತೆಳು ಕಾಗದ. ಅವನಿಗೆ ಹದಿನಾರು ವರ್ಷ, ಮೊದಲ ಪಿಯುಸಿ. ಆ ರಾತ್ರಿಯಿಡೀ ನಾನೂ ಹೆಂಡತಿಯೂ ಮಾತಾಡಿದ್ದು ಒಂದೇ ವಿಷಯ: ಇದಕ್ಕೆ ಯಾರು ಕಾರಣ? ಹೊಸ ಗೆಳೆಯರು, ಮೊಬೈಲು, ಹೋಂಸ್ಟೇಗೆ ಬರುವ ಪ್ರವಾಸಿಗರು, ಗಡಿಯಾಚೆಯಿಂದ ಸಾಮಾನು ತರುವವರು. ಬೆಳಗಾಗುವ ಹೊತ್ತಿಗೆ ಆ ಪಟ್ಟಿಗೆ ನಾವು ಒಬ್ಬರನ್ನೊಬ್ಬರು ಸೇರಿಸಿಕೊಂಡಿದ್ದೆವು.

ಇತಿಹಾಸ ಪಾಠ ಮಾಡುವವನಾದ್ದರಿಂದ, ಕಳವಳವಾದಾಗ ಹಳೆಯ ಕಾಗದಗಳ ಕಡೆ ತಿರುಗುವುದು ನನ್ನ ಅಭ್ಯಾಸ. ಈ ಸಲ ತಿರುಗಿದ್ದು 1894ರ ಒಂದು ವರದಿಯ ಕಡೆಗೆ.

1893ರ ಮಾರ್ಚ್‌ನಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಡಬ್ಲ್ಯು. ಎಸ್. ಕೇನ್ ಎಂಬ ಪಾನವಿರೋಧಿ ಸದಸ್ಯ ಭಾರತದ ಗಾಂಜಾ ಬಗ್ಗೆ ಪ್ರಶ್ನೆ ಎತ್ತಿದರು. ಗಾಂಜಾ ಸೇವನೆಯಿಂದ ಜನರ ದೇಹ, ಮನಸ್ಸು, ನಡತೆ ಕೆಡುತ್ತಿದೆಯೇ ಎಂದು ವಿಚಾರಿಸಲು ಸರ್ಕಾರ ಏಳು ಸದಸ್ಯರ ‘ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್’ ನೇಮಿಸಿತು. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷರು. ಆಯೋಗ 1,193 ಸಾಕ್ಷಿಗಳ ಹೇಳಿಕೆ ಪಡೆದು ಹಲವು ಸಂಪುಟಗಳ ವರದಿ ಕೊಟ್ಟಿತು. ಬ್ರಿಟಿಷರು 1834ರಲ್ಲಿ ಚಿಕ್ಕವೀರರಾಜನಿಂದ ಕಿತ್ತುಕೊಂಡಿದ್ದ ಕೊಡಗು ಆಗ ಪುಟ್ಟದೊಂದು ಪ್ರತ್ಯೇಕ ಪ್ರಾಂತ. ಬೆಂಗಳೂರಿನಲ್ಲಿದ್ದ ಮೈಸೂರಿನ ರೆಸಿಡೆಂಟರೇ ಅದರ ಚೀಫ್ ಕಮಿಷನರ್. ಆಯೋಗದ ವಿಚಾರಣೆ ಕೊಡಗನ್ನೂ ಬಿಡಲಿಲ್ಲ.

ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿ, ಪೂರ್ತಿ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯ ಮೂಲಕ ಹತೋಟಿಯಲ್ಲಿಡಿ: ಇದು ಆಯೋಗದ ತೀರ್ಮಾನ. ಗಾಂಜಾ ಪರ ವಾದಿಸುವವರು ಇಂದಿಗೂ ಇದನ್ನು ಎತ್ತಿ ತೋರಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಹುಚ್ಚಾಸ್ಪತ್ರೆಗಳ ಅಧ್ಯಾಯ.

ಗಾಂಜಾದಿಂದ ಹುಚ್ಚು ಹಿಡಿಯುತ್ತದೆ ಎಂಬುದಕ್ಕೆ ಆಗ ಇದ್ದ ದೊಡ್ಡ ಪುರಾವೆ ಆಸ್ಪತ್ರೆಗಳ ದಾಖಲೆ ಪುಸ್ತಕ. ರೋಗಿ ಬಂದಾಗ ‘ಕಾರಣ’ ಎಂಬ ಕಾಲಂ ತುಂಬಬೇಕಿತ್ತು. ಆ ಮಾಹಿತಿ ಬರುತ್ತಿದ್ದುದು ಹೆಚ್ಚಾಗಿ ಪೊಲೀಸರು, ಮ್ಯಾಜಿಸ್ಟ್ರೇಟರು ಕಳಿಸಿದ ಕಾಗದದಿಂದ. ಆಸಾಮಿ ಗಾಂಜಾ ಸೇದುತ್ತಿದ್ದ ಎಂದು ಯಾರಾದರೂ ಹೇಳಿದರೆ ಸಾಕು, ಕಾಲಂನಲ್ಲಿ ‘ಗಾಂಜಾ’. ಕಾಲಂ ಖಾಲಿ ಬಿಡುವಂತಿರಲಿಲ್ಲ. ವೈದ್ಯರೂ ಅದನ್ನೇ ನಕಲು ಮಾಡುತ್ತಿದ್ದರು. 1892ರಲ್ಲಿ ದಾಖಲಾದ 1,344 ರೋಗಿಗಳಲ್ಲಿ 222 ಮಂದಿಯ ಹೆಸರಿನ ಮುಂದೆ ಹೀಗೆ ಬರೆದಿತ್ತು. ಆಯೋಗ ಒಂದು ಸರಳ ಕೆಲಸ ಮಾಡಿತು. ರೋಗಿಗಳ ಊರಿನಲ್ಲಿ, ನಂಟರಿಷ್ಟರ ಬಳಿ ಮತ್ತೆ ವಿಚಾರಿಸಿತು: ಇವನು ಮೊದಲು ಹೇಗಿದ್ದ? ಮನೆತನದಲ್ಲಿ ಹಿಂದೆ ಯಾರಿಗಾದರೂ ಇತ್ತೇ? ಕೊನೆಗೆ ಉಳಿದದ್ದು 98. ಅದರಲ್ಲೂ ಬೇರೆ ಕಾರಣ ಬೆರೆತವನ್ನು ತೆಗೆದರೆ 61.

ಇದನ್ನು ಓದಿದಾಗ ನನಗೆ ನೆನಪಾದವರು ಚಿಕ್ಕಪ್ಪ.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಬಗ್ಗೆ ನಮ್ಮ ಮನೆಯಲ್ಲಿದ್ದದ್ದು ಒಂದೇ ವಾಕ್ಯ: ‘ಗಾಂಜಾ ಸೇದಿ ತಲೆ ಕೆಡಿಸಿಕೊಂಡ.’ ಮಗನಿಗೆ ಅವರ ವಿಷಯವನ್ನೇ ನಾನು ಹೇಳಿರಲಿಲ್ಲ. ಪೊಟ್ಟಣ ಸಿಕ್ಕ ಮೂರನೆಯ ವಾರ ಅವನನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ದಾಗ ಅವರು ಯಾರು ಕಲಿಸಿದರು ಎಂದು ಕೇಳಲಿಲ್ಲ. ಎಷ್ಟು ದಿನದಿಂದ, ವಾರಕ್ಕೆ ಎಷ್ಟು ಸಲ, ನಿದ್ದೆ ಹೇಗಿದೆ ಎಂದು ಅವನನ್ನು ಕೇಳಿದರು. ನನ್ನ ಕಡೆ ತಿರುಗಿ, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ ಎಂದರು. ನಾನು ಆ ವಾಕ್ಯ ಹೇಳಿದೆ. ‘ಅದಕ್ಕೆ ಮೊದಲು ಅವರು ಹೇಗಿದ್ದರು?’ ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಅಂದೇ ಸಂಜೆ ಸೋದರತ್ತೆಗೆ ಫೋನ್ ಮಾಡಿದೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದರು: ‘ಅದನ್ನು ಸೇದೋಕೆ ಮೊದಲೇ ಅವನಿಗೆ ನಿದ್ದೆ ಇರಲಿಲ್ಲ ಮಗ. ತೋಟದಿಂದ ಯಾರೋ ಕರೀತಾರೆ ಅಂತ ಎದ್ದು ಹೋಗ್ತಿದ್ದ. ಮದುವೆಯಾಗೋ ಹೆಣ್ಣುಮಕ್ಕಳಿದ್ದ ಮನೆ. ಕಾಯಿಲೆ ಅಂತ ಹೇಳೋದಕ್ಕಿಂತ ಚಟ ಅಂತ ಹೇಳೋದು ಸುಲಭ ಆಗಿತ್ತು.’

ನಮ್ಮ ಮನೆಯಲ್ಲೂ ಒಂದು ಕಾಲಂ ಇತ್ತು. ಅದನ್ನು ತುಂಬಿದವರು ಪೊಲೀಸರಲ್ಲ, ನಾವೇ.

ಆದ್ದರಿಂದ ಗಾಂಜಾ ನಿರಪರಾಧಿ ಎಂದು ತಿಳಿದರೆ ಅದು ಇನ್ನೊಂದು ತಪ್ಪು. ಆಯೋಗದ ಕಣ್ಣ ಮುಂದಿದ್ದವರು ಹೆಚ್ಚಾಗಿ ದೊಡ್ಡವರು: ಸಾಧುಗಳು, ಫಕೀರರು, ದುಡಿದು ದಣಿದವರು. ಹದಿಹರೆಯವನ್ನು ಮನಶ್ಶಾಸ್ತ್ರದ ಪ್ರತ್ಯೇಕ ವಿಷಯವಾಗಿ ನಿಲ್ಲಿಸಿದ ಸ್ಟ್ಯಾನ್ಲಿ ಹಾಲ್ ಅವರ ಗ್ರಂಥ ಬಂದದ್ದೇ 1904ರಲ್ಲಿ. 1987ರಲ್ಲಿ ಸ್ವೀಡನ್ನಿನ ಸಂಶೋಧಕರು ಸೈನ್ಯಕ್ಕೆ ಸೇರಿದ 45,570 ಯುವಕರನ್ನು ಹದಿನೈದು ವರ್ಷ ಅನುಸರಿಸಿದ ಅಧ್ಯಯನ ಪ್ರಕಟಿಸಿದರು. ಸೈನ್ಯಕ್ಕೆ ಬರುವ ಹೊತ್ತಿಗೆ ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಬರುವ ಸಂಭವ ಸೇದದವರಿಗಿಂತ ಸುಮಾರು ಆರು ಪಟ್ಟು ಇತ್ತು. ಸೇದಿದವರಲ್ಲಿ ಬಹುಪಾಲು ಜನಕ್ಕೆ ಕಾಯಿಲೆ ಬರಲಿಲ್ಲ ಎಂಬುದೂ ನಿಜ. ಆದರೆ ಎಳೆಯ ವಯಸ್ಸು, ಮನೆತನದಲ್ಲಿ ಕಾಯಿಲೆ, ಮೇಲಿಂದ ಮೇಲೆ ಸೇವನೆ ಮೂರೂ ಕೂಡಿದಲ್ಲಿ ಅಪಾಯ ಹೆಚ್ಚು. ಚಿಕ್ಕಪ್ಪನ ಕಥೆಯನ್ನು ಮುಚ್ಚಿಟ್ಟಿದ್ದರಿಂದ, ಮಗ ತಿಳಿದಿರಲೇಬೇಕಾಗಿದ್ದ ಒಂದು ಎಚ್ಚರಿಕೆಯನ್ನು ನಾನು ಅವನಿಗೆ ತಪ್ಪಿಸಿದ್ದೆ.

ಮೂರು ವಾರ ತಡವಾದದ್ದು ಪೊಲೀಸರ ಭಯದಿಂದ. ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ, ಓದು ಹಾಳಾಗುತ್ತದೆ ಎಂದು ಹೆದರಿದ್ದೆವು. ಮಾದಕವಸ್ತುಗಳ ಕಾಯಿದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. ಅದು ಕಠಿಣ ಕಾನೂನು, ಸೇವನೆಯೂ ಅಪರಾಧ. ಆದರೆ 1989ರ ತಿದ್ದುಪಡಿಯಲ್ಲಿ 64ಎ ಎಂಬ ಕಲಂ ಸೇರಿತು. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನನ್ನು ಶಿಕ್ಷೆಯ ವಿಚಾರಣೆಗೆ ಒಳಪಡಿಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಹದಿನೆಂಟು ತುಂಬದವರ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಮಗುವಿಗೆ ಮಾದಕವಸ್ತು ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯಿದೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಇಷ್ಟು ಗೊತ್ತಿದ್ದರೆ ಆ ಮೂರು ವಾರ ಉಳಿಯುತ್ತಿತ್ತು.

ಮಗನಿಗೆ ಚಿಕ್ಕಪ್ಪನ ಕಥೆ ಹೇಳಿದ್ದು ಮಡಿಕೇರಿಯಿಂದ ಮನೆಗೆ ಬರುವ ದಾರಿಯಲ್ಲಿ, ಮಂಜು ಕವಿದು ಗಾಡಿ ನಿಲ್ಲಿಸಿದ್ದಾಗ. ಕೇಳಿ ಅವನು ಒಂದೇ ಮಾತು ಕೇಳಿದ: ‘ಮತ್ತೆ ನೀವು ಕುಡೀತೀರಲ್ಲ ಅಪ್ಪ?’

ಕೊಡಗಿನಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಕೊಡವರ ಮನೆಗಳಲ್ಲಿ ‘ಕಾರಣ’ ಎಂದರೆ ಒಕ್ಕದ ಮೂಲಪುರುಷ. ಅವನಿಗೆ ಮೀದಿ ಇಡುವಾಗ ಮಾಂಸದ ಜೊತೆ ಮದ್ಯವೂ ಇರುತ್ತದೆ. ಮದುವೆ, ಹಬ್ಬ, ಸಾವು ಎಲ್ಲಕ್ಕೂ ಅದರ ಪಾಲಿದೆ. ನಮ್ಮದು ಕೊಡವರ ಮನೆಯಲ್ಲದಿದ್ದರೂ ಗಾಳಿ ಒಂದೇ. ಮದ್ಯಕ್ಕೆ ನಮ್ಮಲ್ಲಿ ಮರ್ಯಾದೆಯ ಜಾಗವಿದೆ, ಗಾಂಜಾಕ್ಕೆ ರೈನ್‌ಕೋಟಿನ ಜೇಬು. ಈ ವ್ಯತ್ಯಾಸ ಮಾಡಿದ್ದು ಇತಿಹಾಸ. ಅದರಿಂದ ಎರಡರಲ್ಲಿ ಒಂದು ಸುರಕ್ಷಿತ ಎಂದಾಗುವುದಿಲ್ಲ. ಅವನಿಗೆ ಹಾಗೆಯೇ ಹೇಳಿದೆ. ಮನೆಯಲ್ಲಿ ಕುಡಿಯುವುದನ್ನು ನಾನು ಬಿಟ್ಟೆ. ಅದರಿಂದ ಅವನು ಬದಲಾದ ಎಂದು ಹೇಳಲಾರೆ. ನನ್ನ ಮಾತು ಕೇಳುವಾಗ ಮುಖ ತಿರುಗಿಸುವುದು ಮಾತ್ರ ಕಡಿಮೆಯಾಯಿತು.

ಚಿಕಿತ್ಸೆ ಮುಂದುವರಿದಿದೆ. ನಡುವೆ ಎರಡು ಸಲ ಮತ್ತೆ ಸೇದಿದ. ಎರಡನೆಯದನ್ನು ಅವನೇ ಬಂದು ಹೇಳಿದ. ಅಂದು ರಾತ್ರಿ ಯಾರು ಕಾರಣ ಎಂದು ನಾವು ಪಟ್ಟಿ ಮಾಡಲಿಲ್ಲ. ವೈದ್ಯರ ಮುಂದಿನ ತಾರೀಖು ಯಾವಾಗ ಎಂದು ನೋಡಿದೆವು.

ಈ ವರ್ಷವೂ ಮಳೆ ಹಿಡಿದಿದೆ. ರೈನ್‌ಕೋಟು ಒಣಹಾಕುವ ಮೊದಲು ಈಗಲೂ ಜೇಬು ನೋಡುತ್ತೇನೆ. ನೋಡುತ್ತೇನೆಂದು ಅವನಿಗೆ ಹೇಳಿಯೇ ನೋಡುತ್ತೇನೆ.